ಏಳನೇ ಪೆಟ್ಟಿನಾಗ ಎಡವೋ ಹಲಗಿ

ಹತ್ರ ಬರ್ರಿ, ಇನ್ನೂ ಹತ್ರ ಬರ್ರಿ. ಎಲಿ ಅಡಿಕಿ ಸಂಚಿ ಈ ಕಡೆ ಕೊಡ್ರಿ. ಕಥಿ ಹೇಳೋ ಬಾಯಿ ಒಣಗಬಾರದು.

ಒಂದಾನೊಂದು ಕಾಲದಾಗ ಹೊಳಿ ದಂಡಿ ಮ್ಯಾಲೆ ಒಂದು ಊರಿತ್ತು. ಯಾವ ಊರು ಅಂತ ಕೇಳಬ್ಯಾಡ್ರಿ, ಹೆಸರು ಹೇಳಿದ್ರ ಆ ಊರವರು ಜಗಳಕ್ಕ ಬಂದಾರು. ಅದೇ ದಂಡಿಗೆ, ಕೆಳಗ ಇನ್ನೊಂದು ಊರು. ಎರಡರ ನಡುವ ನೀರಾಗ ಕರೇ ಬಂಡೆಗಲ್ಲು, ಅದರ ಬುಡಕ್ಕ ಸುಳಿ. ಸುಳಿಗೆ ಸಿಕ್ಕ ಹರಗೋಲು ಮತ್ತೆ ಮ್ಯಾಲೆ ಬಂದದ್ದು ಯಾರೂ ಕಂಡಿಲ್ಲ.

ಚಳಿಗಾಲದಾಗ ಮುಂಜಾನಿ ಮಂಜು ಮುಸುಕಿದ್ರ ತನ್ನ ಕೈ ತನಗ ಕಾಣಂಗಿಲ್ಲ. ಅದಕ್ಕ ಎರಡೂ ಊರಾಗ ಒಂದು ಪದ್ಧತಿ. ಆಚೆ ದಂಡಿ ಸಂತಿಗೆ ಹೋದ ಮಂದಿ ಅಲ್ಲೇ ಮಲಗಿ, ಬೆಳಗಾದ ಮ್ಯಾಲೆ ಹರಗೋಲು ಹತ್ತತಾರ. ಆಗ ಈಚೆ ದಂಡಿ ಮ್ಯಾಲೆ ನಿಂತು ತೊಗಲಿನ ಹಲಗಿ ಬಾರಿಸೋದು. ಎಂಟು ಪೆಟ್ಟು, ಒಂದು ಉಸಿರು. ಎಂಟು ಪೆಟ್ಟು, ಒಂದು ಉಸಿರು. ಸದ್ದು ಬಂದ ಕಡೆ ಅಂಬಿಗ ಹುಟ್ಟು ಹಾಕೋದು.

ಮ್ಯಾಲಿನ ಊರಾಗ ಬಾರಿಸೋನು ಮಾರೆಜ್ಜ. ಕೆಳಗಿನ ಊರಿನವನಿಗೂ ಕಲಿಸಿದವ ಅವನೇ. ಅಜ್ಜನ ತೋಳು ಸೋತವು. "ಯಾರರ ಕಲೀರಪ್ಪಾ" ಅಂದ. ಯಾರು ಮುಂದ ಬಂದ್ರು ಹೇಳ್ರಿ? ಹಗ್ಗ ಹೊಸಿಯೋ ಹುಲುಗಪ್ಪ! ವಯಸ್ಸು ನಲವತ್ತೈದು. ಬೆರಳು ಅಂದ್ರ ಒಣಗಿದ ಹುಣಸಿಕಾಯಿ.

ಊರು ನಕ್ಕಿತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ?"

"ನಾ ಹೊಸೆದ ಹಗ್ಗ ಮಾರಾಕ ನನ್ನ ಹೇಣ್ತಿ ಹಂಪವ್ವ ಪ್ರತಿ ಸಂತಿಗೂ ಆ ಹೊಳಿ ದಾಟತಾಳ. ಬಗ್ಗಲಿಲ್ಲಂದ್ರ ಮುರೀಲಿ ಬಿಡ್ರಿ" ಅಂದ ಹುಲುಗಪ್ಪ.

ಮಾತು ಸುಲಭ. ಕೈ ಕೇಳಬೇಕಲ್ಲ? ತಿಂಗಳೊಪ್ಪತ್ತಿಗೆ ಅಂಗೈ ಬೊಬ್ಬಿ ಎದ್ದವು. ಬಾಜೂ ಮನಿ ನೀಲಮ್ಮ ಗೋಡಿ ಮ್ಯಾಲಿಂದ ಕೂಗಿದ್ಲು, "ಸಾಕು ಮಾಡೋ ಪುಣ್ಯಾತ್ಮಾ! ನಿನ್ನ ಸದ್ದಿಗೆ ನಮ್ಮ ಎಮ್ಮಿ ಹಾಲು ಇಳಿಸವಲ್ದು!" ಹುಲುಗಪ್ಪ ಹಲಗಿ ಮೂಲಿಗೆ ಒಗದ. ಹಂಪವ್ವ ಏನಂದ್ಲು? ಬೈಲಿಲ್ಲ, ಹೊಗಳಲಿಲ್ಲ. ಬೊಬ್ಬಿಗೆ ಎಣ್ಣಿ ಹಚ್ಚಿಕೋತ, "ನಾಳೆ ಸಂತಿ ಐತಿ. ಮುಂದ ನನ್ನ ಮನಿಗೆ ಕರಿಯೋರು ಯಾರು?" ಅಂದ್ಲು. ಮತ್ತೆ ಹಲಗಿ ತಗೊಂಡ.

ವರ್ಷ ಆತು. ಆರು ಪೆಟ್ಟು ಚೊಕ್ಕ. ಏಳನೇದಕ್ಕ ಮಾತ್ರ ಕೈ ನಿಂತು, ಜಾರಿ, ಬೀಳತಿತ್ತು. ಯಾಕಂತೀರಿ? ಹಗ್ಗದವನ ಕೈ! ಆರು ಸುತ್ತು ಹೊಸೆದು ಏಳಕ್ಕ ಜಗ್ಗೋದು. ಮೂವತ್ತು ವರ್ಷದ ರೂಢಿ, ಬಿಡು ಅಂದ್ರ ಬಿಟ್ಟೀತೇನು? ಎರಡನೇ ಸಲ ಹಲಗಿ ಮೂಲಿಗೆ ಹೋತು.

ಮಾರೆಜ್ಜ ಕೋಲೂರಿಕೋತ ಬಂದ. "ಹೋದ ವರ್ಷ ಎಷ್ಟು ಪೆಟ್ಟು ಬರತಿದ್ವು?"

"ಒಂದೂ ಇಲ್ಲಜ್ಜಾ."

"ಈಗ?"

"ಆರು."

"ಮತ್ತ್ಯಾಕ ಅಳತೀಯೋ ಮಗನ? ಹನಿಗೂಡಿದರೆ ಹಳ್ಳ" ಅಂದ ಅಜ್ಜ. ಹುಲುಗಪ್ಪ ಹಲಗಿ ಮತ್ತೆ ತಗೊಂಡ.

ಮತ್ತೊಂದು ವರ್ಷಕ್ಕ ಮಾರೆಜ್ಜನೇ ತೀರಿಕೊಂಡ. ಸರಿ ತಪ್ಪು ಹೇಳೋರಿಲ್ಲ. ಹುಲುಗಪ್ಪ ಮೂರು ದಿನ ಹಲಗಿ ಮುಟ್ಟಲಿಲ್ಲ. ನಾಲ್ಕನೇ ದಿನ ನೀಲಮ್ಮ ಬಾಗಲಕ್ಕ ಬಂದು ಚೊಂಬು ಕುಕ್ಕಿದ್ಲು. "ಯಾಕ ಸುಮ್ಮನಾದಿ? ನಮ್ಮ ಎಮ್ಮಿ ಹಾಲು ಇಳಿಸವಲ್ದು!"

"ಬಾರಿಸಿದ್ರ ಇಳಿಸಂಗಿಲ್ಲ ಅಂದಿದ್ದೆಲ್ಲವ್ವಾ?"

"ಅದು ಆಗಿನ ಮಾತು! ಈಗ ಅದಕ್ಕ ರೂಢಿಯಾಗೇತಿ. ಬಾರಿಸು!"

ನಕ್ಕೋತ ಮತ್ತೆ ತಗೊಂಡ. ಏಳನೇದು ಮಾತ್ರ ಎಡವೋದು ಬಿಡಲಿಲ್ಲ.

ಕೇಳ್ರಿ ಈಗ. ಆ ವರ್ಷದ ಮೊದಲನೇ ಮಂಜು ಬಿತ್ತು. ಹಂಪವ್ವ, ನೀಲಮ್ಮ ಸೇರಿ ಹನ್ನೊಂದು ಮಂದಿ ಹರಗೋಲಿನಾಗ, ನಟ್ಟ ನಡು ಹೊಳ್ಯಾಗ. ಹುಲುಗಪ್ಪ ದಂಡಿ ಮ್ಯಾಲೆ ಹುಲ್ಲು ಉರಿಸಿದ, ತಂಪಿಗೆ ಸಡಿಲಾದ ಹಲಗಿ ಕಾಸಿದ, ಅಜ್ಜನ ನೆನೆದ. "ಇವತ್ತೊಂದಿನ ಎಂಟೂ ಚೊಕ್ಕ ಬೀಳಲೆಪ್ಪಾ." ಬಾರಿಸಿದ. ಎಡವಿತು. ಬಾರಿಸಿದ. ಎಡವಿತು. ಕಣ್ಣಾಗ ನೀರು ಬಂದ್ರೂ ಕೈ ನಿಲ್ಲಿಸಲಿಲ್ಲ.

ನೀರಿನಾಗ ಏನಾತು? ಹರಗೋಲು ಗುಂಡಗಿರತೈತಿ. ಸೆಳವಿಗೆ ಗಿರಗಿರ ತಿರುಗಿ ದಿಕ್ಕು ತಪ್ಪಿತು. ಅಂಬಿಗರ ತಿಪ್ಪಯ್ಯ ಹುಟ್ಟು ಎತ್ತಿ ಹಿಡಿದು, "ಎರಡು ಹಲಗಿ ಕೇಳತಾವು. ನಮ್ಮದು ಯಾವುದು? ಕೆಳಗಿನ ಊರಿನ ಕಡೆ ಹೋದ್ರ ಸುಳಿ ಪಾಲು" ಅಂದ. ಎಲ್ಲಾರೂ ಉಸಿರು ಹಿಡಿದು ಕಿವಿ ಕೊಟ್ಟರು.

ಒಂದು ಕಡೆಯಿಂದ ಎಂಟು ಪೆಟ್ಟು, ಚೊಕ್ಕ. ಇನ್ನೊಂದು ಕಡೆಯಿಂದ ಆರು ಪೆಟ್ಟು, ಆಮ್ಯಾಲೆ ನಿಂತು, ಜಾರಿ...

"ಅದೇ! ಅದೇ!" ನೀಲಮ್ಮ ಎದ್ದು ನಿಂತು ಕೂಗಿದ್ಲು. "ಎರಡು ವರ್ಷ ನನ್ನ ಕಿವಿ ತೂತು ಮಾಡಿದ ಹಲಗಿ! ಆ ಕಡೆ ಹಾಕೋ ಹುಟ್ಟು!"

"ನಮ್ಮವರ ಕೈ ಅದು" ಅಂದ್ಲು ಹಂಪವ್ವ, ಅಷ್ಟೇ. ಸೆರಗು ಬಾಯಿಗೆ ಹಿಡಿದಿದ್ಲು.

ಹನ್ನೊಂದೂ ಮಂದಿ ದಂಡಿ ಮುಟ್ಟಿದ್ರು. ಹುಲುಗಪ್ಪ ತಲಿ ಬಗ್ಗಿಸಿ, "ಇವತ್ತೂ ತಪ್ಪಿತ್ರಿ" ಅಂದ. ನೀಲಮ್ಮ ಆ ಬೊಬ್ಬಿಗೈ ಹಿಡಿದು ಕಣ್ಣಿಗೆ ಒತ್ತಿಕೊಂಡ್ಲು. ನಡೆದದ್ದು ತಿಳಿದಾಗ ಹುಲುಗಪ್ಪ ಗೊಳೋ ಅಂತ ಅತ್ತ. "ನನ್ನದೇನೈತ್ರಿ? ಹಂಪವ್ವ ಎಣ್ಣಿ ಹಚ್ಚಿದ್ಲು, ಅಜ್ಜ ಆರು ಎಣಿಸಿ ತೋರಿಸಿದ, ನೀವು ಬೈಕೋತ ಬೈಕೋತ ದಿನಾ ಕೇಳಿದ್ರಿ. ಕೇಳದಿದ್ರ ಗುರುತು ಎಲ್ಲಿಂದ ಹತ್ತತಿತ್ತು? ನಿಮ್ಮ ಋಣ ದೊಡ್ಡದು."

ಅವತ್ತಿನಿಂದ ಆ ಊರಾಗ ಹಲಗಿ ಕಲಿಯೋರು ಎಂಟೂ ಚೊಕ್ಕ ಬಾರಿಸಂಗಿಲ್ಲ. ಬಾರಿಸಿದ್ರೋ, ನೀಲಮ್ಮ ಗೋಡಿ ಮ್ಯಾಲಿಂದ ಬೈತಾಳ: "ಏಳನೇದಕ್ಕ ಎಡವಲೇ! ನಮ್ಮ ಮಂದಿ ಮನಿಗೆ ಬರೋದು ಬ್ಯಾಡೇನು?"

ನಮ್ಮ ಕಥಿ ದಂಡಿ ಮುಟ್ಟಿತು, ನೀವು ನಿಮ್ಮ ನಿಮ್ಮ ಮನಿ ಮುಟ್ರಿ. ನಡುವ ಎಲ್ಲೆರ ನಾಲಿಗಿ ಎಡವಿದ್ರ ಸಿಟ್ಟಾಗಬ್ಯಾಡ್ರಿ, ಅದು ನನ್ನ ಗುರುತು ಅನ್ಕೋರಿ.