ಪುಟ್ಟೀರಮ್ಮನ ಹೊಲಕ್ಕೆ ಹಲುಬೆ ಹೊಡೆದದ್ದು

ಈ ಕಥೆ ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ. ಕೂತರೆ ನಂಬಿಸಿಯೇ ಕಳಿಸೋನು ನಾನು.

ಮಳೆಗಳಿಗೆಲ್ಲ ಹೆಸರಿದ್ದು ಊರಿಗೆ ಮಾತ್ರ ಹೆಸರಿಲ್ಲದ ಒಂದು ನಾಡಿತ್ತು. ಅಲ್ಲಿ ಪುಟ್ಟೀರಮ್ಮ ಅಂತ ಒಬ್ಬ ಹೊಲದೊಡತಿ. ಅವಳ ಎಳೇ ರಾಗಿ ಪೈರಿನ ತುಂಬ ಕಳೆ. ಕೀಳೋಕೆ ಆಳಿಲ್ಲ. ವಿಷ ಹೊಡೆಯೋಣ ಅಂದರೆ, "ಆ ರಾಗಿ ನನ್ನ ಬೀಸೋಕಲ್ಲಿಗೆ ಬೇಡ" ಅಂತಾಳೆ.

ಆಗ ಹೋದವನು ಯಾರು? ನಾನೇ. ನನ್ನ ಹತ್ತಿರ ಜೋಡೆತ್ತಿತ್ತು, ಎತ್ತು ಎಳೆದರೆ ನೆಲ ಕೆರೆಯೋ ಸಾಲು ಹಲ್ಲಿನ ಹಲುಬೆಯಿತ್ತು, ಏಳೂರಿಗೆ ಕೇಳಿಸೋ ಬಾಯಿತ್ತು. ಇಲ್ಲದ್ದು ಒಂದೇ, ಅಂಗೈಯಗಲ ನೆಲ.

"ಅವ್ವಾ, ಕೈಯಲ್ಲಿ ಕೀಳದೆ ಕಳೆ ತೆಗೀತೀನಿ. ಪಾಲಿನ ಮೇಲೆ ಉಳೋಕೆ ಒಂದು ಹೊಲ ವಾರಕ್ಕೆ ಕೊಡ್ತೀಯಾ?"

"ಕೊಡ್ತೀನಿ. ಪೈರು ಹಾಳಾದರೆ ನಿನ್ನ ಎತ್ತು ನನ್ನ ಕೊಟ್ಟಿಗೆಗೆ."

ಒಪ್ಪಿದೆ.

ಮೊದಲ ಸಲ ಹಲುಬೆ ಹೊಡೆದೆ. ನನ್ನ ಜಂಬ ನೋಡಿ, ತುಂತುರು ಬಿದ್ದ ಹಸಿ ನೆಲಕ್ಕೇ ಇಳಿದುಬಿಟ್ಟೆ. ಕಿತ್ತುಬಂದ ಕಳೆ ಬಿದ್ದಲ್ಲೇ ಮತ್ತೆ ಬೇರು ಬಿಟ್ಟಿತು. ಬದುವಿನ ಮೇಲೆ ಕೂತ ಪುಟ್ಟೀರಮ್ಮ ಕೇಳಿದಳು, "ಎತ್ತಿಗೆ ಹುಲ್ಲು ತರಿಸಲಾ?"

"ತಡಿ ಅವ್ವಾ."

ಎರಡನೇ ಸಲ ನೆಲ ಆರೋವರೆಗೂ ಕಾದು, ನೆತ್ತಿ ಸುಡೋ ಬಿಸಿಲಲ್ಲಿ ಹೊಡೆದೆ. ಕಳೆ ಬೇರು ಮೇಲಾಗಿ ಒಣಗಿತು. ಆದರೆ ಕೇಳಿ, ಪೈರೂ ಮಲಗಿತು. ಊರೋರು ಬಂದು ನೋಡಿ, "ಹಂದಿ ನುಗ್ಗಿದ್ದರೂ ಇಷ್ಟು ಹಾಳಾಗ್ತಿರಲಿಲ್ಲವಲ್ಲೋ" ಅಂದರು. ಪುಟ್ಟೀರಮ್ಮ ಕೇಳಿದಳು, "ಕೊಟ್ಟಿಗೇಲಿ ಗೂಟ ಹೊಡೆಸಲಾ?"

"ತಡಿ ಅವ್ವಾ."

ಮೂರನೇ ಸಲ ಅಡ್ಡಡ್ಡ ಹೊಡೆದೆ. ಉಳಿದ ಕಳೆಯೂ ಹೋಯಿತು. ಪೈರು ಇನ್ನಷ್ಟು ಚಪ್ಪಟೆ. ಪುಟ್ಟೀರಮ್ಮ ಮೆಲ್ಲಗೆ ಕೇಳಿದಳು, "ಎತ್ತುಗಳ ಹೆಸರೇನೋ? ಕರೆದು ಅಭ್ಯಾಸ ಮಾಡ್ಕೋತೀನಿ."

ಈ ಸಲ ಎತ್ತು ಹೊಡಕೊಂಡು ಓಡಿಬಿಡೋಣ ಅನ್ನಿಸಿತು. ಓಡಿದೆನಾ? ಇಲ್ಲ. ಹೋಗಿ ಅವಳ ಪಕ್ಕದಲ್ಲೇ ಕೂತೆ.

ಮಳೆ ಬಂತು. ಮಲಗಿದ್ದ ರಾಗಿ ಮೈಮುರಿದು ಎದ್ದಿತು. ಹಲುಬೆಗೆ ಒಂದಷ್ಟು ಕಿತ್ತುಹೋಗಿ ಪೈರು ತೆಳುವಾಗಿತ್ತಲ್ಲ, ಒಂದೊಂದು ಬುಡದಿಂದಲೂ ಹಿಡಿ ತುಂಬ ಮರಿ ಪೈರಿನ ತೆಂಡೆ ಒಡೆದು ಹೊಲ ತುಂಬಿಹೋಯಿತು.

"ನೋಡಿದ್ಯಾ ಅವ್ವಾ, ನನ್ನಂಥೋನು ಇನ್ನೊಬ್ಬ ಇದ್ದಾನಾ?"

"ಸುಮ್ನಿರೋ. ನಮ್ಮ ಯಜಮಾನ್ರು ಇರೋವರೆಗೂ ಹೀಗೇ ಹಲುಬೆ ಹೊಡೆಯೋರು. ಪೈರು ಏಳುತ್ತೆ ಅಂತ ನನಗೆ ಗೊತ್ತಿತ್ತು. ಏಳೋವರೆಗೂ ನೀನು ನಿಲ್ತೀಯೋ ಓಡ್ತೀಯೋ ಅಂತ ನೋಡ್ತಿದ್ದೆ."

ಅವಳ ರಾಗಿ ಕಣಕ್ಕೆ ಹೋಯಿತು, ನನ್ನ ಕಥೆ ನಿಮ್ಮ ಕಿವಿಗೆ ಬಂತು. ನನಗೆ ಕೊಟ್ಟದ್ದು ಕೆರೆ ಹಿಂದಿನ ಒಂದು ಹೊಲ, ವಾರಕ್ಕೆ. ಬೆಳೆದದ್ದರಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ.