ಪ್ಲಾಸ್ಟರ್ ಗಟ್ಟಿಯಾಗುವ ತನಕ

...ಇಲ್ಲಮ್ಮ, ನಗಬೇಡ ಅಂದೆನಲ್ಲ. ನಕ್ಕರೆ ಕೆನ್ನೆ ಹತ್ತಿರ ಪ್ಲಾಸ್ಟರ್ ಬಿರುಕು ಬಿಡುತ್ತೆ, ಮತ್ತೆ ಮೊದಲಿಂದ ಬಳೀಬೇಕು. ಕಣ್ಣು ಮುಚ್ಚು, ಬಾಯಿ ಮುಚ್ಚು, ಮೂಗಿಗೆ ಇಟ್ಟಿರೋ ನಳಿಕೆಯಲ್ಲಿ ನಿಧಾನಕ್ಕೆ ಉಸಿರಾಡ್ತಿರು. ಇನ್ನು ಹದಿನೈದು ನಿಮಿಷ, ಅಷ್ಟೇ. ಮಾತಾಡೋ ಕೆಲಸ ನಂದು. ಒಳಗೆ ಕತ್ತಲಲ್ಲಿ ಇರೋರಿಗೆ ಹೊರಗಿಂದ ಒಂದು ದನಿ ಕೇಳ್ತಿರಬೇಕು, ಇಲ್ಲಾಂದ್ರೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಐವತ್ತು ವರ್ಷದಿಂದ ನಾನು ಹೀಗೇ ವಟಗುಟ್ಟಿಕೊಂಡೇ ನಟನಟಿಯರ ಮುಖದ ಅಚ್ಚು ತೆಗೀತಿರೋದು. ಗೊತ್ತಲ್ಲ, ಒಂದು ಬೆರಳು ಅಂದ್ರೆ ಹೌದು, ಎರಡು ಅಂದ್ರೆ ಇಲ್ಲ. ಇಡೀ ಕೈ ಎತ್ತಿದ್ರೆ ಆ ಕ್ಷಣಕ್ಕೇ ಕಿತ್ತುಹಾಕ್ತೀನಿ. ಬಿಸಿ ಆಗ್ತಿದೆಯಾ? ಒಂದು ಬೆರಳು... ಸರಿ. ಗಟ್ಟಿಯಾಗುವಾಗ ಬಿಸಿ ಆಗಲೇಬೇಕು.

ನಿಮ್ಮ ನಿರ್ದೇಶಕ ಇದ್ದಾನಲ್ಲ, ಕ್ರಿಷ್ಟೋಫ್, ಮೀಸೆ ಇನ್ನೂ ಸರಿಯಾಗಿ ಬಲಿತಿಲ್ಲ... ನಿನ್ನೆ ಬಂದು ಏನಂದ ಗೊತ್ತಾ? "ಯಾರ್ಮಿಲಾ ಅಮ್ಮ, ಕಂಪ್ಯೂಟರಿನ ದೆವ್ವ ನೋಡಿ ನೋಡಿ ಜನಕ್ಕೆ ಸಾಕಾಗಿದೆ. ಹಳೇ ಕಾಲದ ಹಾಗೆ ಮಾಡೋಣ. ಕಪ್ಪು ಬಿಳುಪು, ಪಾಳುಕೋಟೆ, ಗೋಡೆಯಿಂದ ಕೈ ಬೆಳೆಯೋದು, ಕನಸಿನ ಥರ ಅರ್ಥವೇ ಆಗದ್ದು." ಅರ್ಥವಾಗದ್ದು ಬೇಕಂತೆ ಈಗ. ನಾವು ಅದನ್ನೇ ಮಾಡ್ತಿದ್ದಾಗ ಕಮ್ಯುನಿಸ್ಟ್ ಸರ್ಕಾರದ ಸೆನ್ಸಾರ್ ಸಮಿತಿಯವರು ಮೇಜಿನಾಚೆ ಸಾಲಾಗಿ ಕೂತು ಕೇಳ್ತಿದ್ರು, "ಕಾಮ್ರೇಡ್, ಬೀರುವಿನಿಂದ ಮೀನು ಉದುರಿದ್ರೆ ಗಣಿ ಕೆಲಸಗಾರನಿಗೆ ಏನು ಪ್ರಯೋಜನ?" ಏನಂತ ಹೇಳೋದು? ಚಿತ್ರಗಳನ್ನ ಡಬ್ಬಿಗೆ ತುಂಬಿ ಬೀಗ ಹಾಕಿದ್ರು. ಈಗ ಅವೇ ಡಬ್ಬಿ ತೆಗೆದು ತೋರಿಸಿದ್ರೆ, ಉಗುರಿಗೆ ಕಪ್ಪು ಬಣ್ಣ ಹಚ್ಚಿದ ಹುಡುಗ ಹುಡುಗೀರು ಟ್ರಾಮಿನ ದಾರಿ ತನಕ ಸಾಲು ನಿಲ್ತಾರೆ. ನಿಲ್ಲಲಿ ಬಿಡು. ಅದರಿಂದಲೇ ನನಗೂ ಮತ್ತೆ ಕೆಲಸ ಬಂತು. ಎಪ್ಪತ್ತಾರರ ಮುದುಕಿಯನ್ನ ಈ ಪ್ರಾಗ್‌ನಲ್ಲಿ ಇನ್ಯಾರು ಕರೀತಾರೆ?

ಏನು, ಯಾವ ಕಡೆ ತೋರಿಸ್ತಿದ್ದೀಯ? ಗೋಡೆ ಕಡೆನಾ? ಓ, ಆ ಹಳೇ ಚಿತ್ರದ ಮುಖವಾಡ. ಕೂರುವಾಗಲೇ ನೋಡಿದೆ, ನಿನ್ನ ಕಣ್ಣು ಅಲ್ಲೇ ನಿಂತಿತ್ತು. ಎಲ್ಲರಿಗೂ ಹಾಗೇ. ಆ ತೆರೆದ ಬಾಯಿ, ಒಂದು ಕಡೆಗೆ ಎಳೆದುಕೊಂಡ ತುಟಿ... ಕ್ರಿಷ್ಟೋಫ್ ಅದರ ಫೋಟೋ ಜೇಬಲ್ಲಿ ಇಟ್ಕೊಂಡು ತಿರುಗ್ತಾನೆ. ಅಪೊಲೇನಾ, ನಿಂಗೂ ಅಂಥದೇ ಮುಖವಾಡ ಬೇಕು, ಅದೇ ಹೆದರಿಕೆ ಬೇಕು ಅಂತ ಒಂದೇ ಹಟ. ಸಿನಿಮಾ ಶಾಲೆಯವರು ಬಂದು ಕೇಳ್ತಾರೆ, ಆ ಬಾಯಿ ಹೇಗೆ ಕೆತ್ತಿದ್ರಿ ಅಂತ. ಶಾಂತ ಮುಖದ ಅಚ್ಚು ತಗೊಂಡು ಉಳಿಯಲ್ಲಿ ಕೆತ್ತಿದೆ, ಹತ್ತು ದಿನ ಹಿಡೀತು ಅಂತೀನಿ. ಬರ್ಕೊಂಡು ಹೋಗ್ತಾರೆ.

ಹೌದು, ನಟಿ ವಿಯೋಲಾಳ ಮುಖವೇ. ನೀನೂ ಕೇಳಿರ್ತೀಯ, ಸ್ಟುಡಿಯೋದಲ್ಲಿ ಯಾರಿಗೆ ಗೊತ್ತಿಲ್ಲ? ಅಚ್ಚು ತೆಗೆಯುವಾಗ ತೀರಿಹೋದಳು. ಎಪ್ಪತ್ತೊಂದರಲ್ಲಿ. ಹೃದಯ ದುರ್ಬಲ ಇತ್ತು ಅಂತ ವೈದ್ಯರು ಬರೆದ್ರು. ವಿಚಾರಣೆಗೆ ಬಂದವರು ಕೇಳಿದ್ರು, ಸನ್ನೆ ಏನಾದ್ರೂ ಮಾಡಿದಳಾ? ಇಲ್ಲ, ಕೈ ಅಲ್ಲಾಡಲೇ ಇಲ್ಲ ಅಂದೆ. ಸಹಿ ಹಾಕಿದೆ. ನೀನು ಹೆದರ್ಕೋಬೇಡ, ನಿಂಗೆ ಮುಖಕ್ಕೆ ಮಾತ್ರ ಬಳಿದಿರೋದು. ಅವಳಿಗೆ ಇಡೀ ತಲೆ, ಹೆಗಲು, ತೋಳು, ಎಲ್ಲಾ ಸೇರಿ ಒಂದೇ ಅಚ್ಚು. ಸನ್ನೆ ಮಾಡೋಕೆ ಅಂತ ಮಣಿಕಟ್ಟಿಂದ ಮುಂದೆ ಮಾತ್ರ ಬಿಟ್ಟಿದ್ದೆ.

ಒಳ್ಳೆ ಹುಡುಗಿ. ನನಗಿಂತ ಒಂದು ವರ್ಷ ದೊಡ್ಡವಳು, ಇಪ್ಪತ್ತನಾಲ್ಕು. ಆದ್ರೆ ಪ್ಲಾಸ್ಟರ್ ಅಂದ್ರೆ ಆಗ್ತಿರಲಿಲ್ಲ. ಸೋಮವಾರ ಕೂತಳು, ಐದೇ ನಿಮಿಷಕ್ಕೆ ಕೈ ಎತ್ತಿದಳು. ಗಾಬರಿಬಿದ್ದು ಒಡೆದು ತೆಗೆದೆ. ಏನಾಗಿತ್ತು? ಹುಬ್ಬು ತುರಿಸ್ತಿತ್ತಂತೆ. ಮಂಗಳವಾರ ಮತ್ತೆ ಎತ್ತಿದಳು. ಸೀನು ಬಂದ ಹಾಗಾಯ್ತಂತೆ. ನಗ್ತಾಳೆ ಬೇರೆ. ಎರಡು ಅಚ್ಚು ಹಾಳು. ಆಗ ಒಳ್ಳೆ ಪ್ಲಾಸ್ಟರ್ ಸಿಗೋದೇ ಕಷ್ಟ, ಒಂದು ಚೀಲಕ್ಕೆ ಮೂರು ಕಚೇರಿ ಸುತ್ತಬೇಕಿತ್ತು. ನಾನು ಹೊಸಬಳು. ಇವಳಿಗೆ ಕೆಲಸ ಬರಲ್ಲ, ಕಳಿಸಿಬಿಡಿ ಅಂತ ಮೇಲಿನವರು ಆಡ್ಕೊಳ್ತಿದ್ದದ್ದು ಕಿವಿಗೆ ಬಿದ್ದಿತ್ತು. ಬುಧವಾರ ಉಳಿದಿದ್ದು ಕೊನೇ ಚೀಲ. ಬಳಿಯೋ ಮೊದಲೇ ಹೇಳಿದೆ, ಇವತ್ತೂ ನಾಟಕ ಮಾಡಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ ಕಣೇ, ಅಂತ. ಆಯ್ತು ಅಂದಳು. ಬಳಿದೆ. ಈಗ ನಿನ್ನ ಜೊತೆ ಮಾತಾಡ್ತಿದ್ದೀನಲ್ಲ, ಹೀಗೇ ಮಾತಾಡ್ತಾನೇ ಇದ್ದೆ. ಇನ್ನೇನು ಆಗಿಹೋಯ್ತು, ಸ್ವಲ್ಪ ತಡ್ಕೋ, ಕೈ ಕೆಳಗಿಡು, ಜಾಣೆ, ಅಂತೆಲ್ಲ... ಆಮೇಲೆ ಬಿಚ್ಚಿ ನೋಡಿದ್ರೆ...

ಯಾಕೆ? ಬೆರಳು ಯಾಕೆ ಬಿಗಿ ಹಿಡಿದೆ? ಬಿಸಿ ಜಾಸ್ತಿ ಆಯ್ತಾ? ಹೌದಾ, ಇಲ್ವಾ? ಅಪೊಲೇನಾ, ಒಂದು ಬೆರಳಾದ್ರೂ ಆಡಿಸಮ್ಮ.

ಅಯ್ಯೋ, ಕೈ ಎತ್ತಬೇಡ ಈಗ. ಇನ್ನೆರಡೇ ನಿಮಿಷ, ಅಂಚು ಮಾತ್ರ ಹಸಿ ಇರೋದು. ಉಸಿರು ಚೆನ್ನಾಗೇ ಆಡ್ತಿದೆ, ಎದೆ ಏರಿಳಿಯೋದು ಕಾಣ್ತಿದೆ ನಂಗೆ. ಇನ್ನೇನು ಆಗಿಹೋಯ್ತು. ಸ್ವಲ್ಪ ತಡ್ಕೋ. ಕೈ ಕೆಳಗಿ...

ತಾಳು. ತೆಗೀತೀನಿ. ತೆಗೀತಿದ್ದೀನಿ, ಅಲ್ಲಾಡಬೇಡ. ಹಾಳಾದ್ರೆ ಹಾಳಾಗಲಿ... ಬಂತು, ಬಂತು. ಗಾಳಿ ತಗೋ. ಈ ಬಟ್ಟೆಯಲ್ಲಿ ಕಣ್ಣೊರೆಸ್ಕೋ. ಏನಾಯ್ತು? ನಳಿಕೆ ಕಟ್ಟಿತ್ತಾ? ತೋರಿಸು... ಇಲ್ಲ, ಎರಡೂ ಸರಿಯಾಗಿವೆ. ಚರ್ಮಾನೂ ಕೆಂಪಾಗಿಲ್ಲ. ಮತ್ತೆ ಯಾಕೆ ಎತ್ತಿದೆ?

ಈಗ ಬಾಯಿ ಬಿಡಬಹುದು. ಮಾತಾಡು. ಬೈಯಬೇಕಾ, ಬೈಯಿ. ನೀರು ಕೊಡಲಾ? ಯಾಕೆ ಹಾಗೆ ನೋಡ್ತೀಯ? ಗೋಡೆ ನೋಡಬೇಡ, ನನ್ನ ನೋಡು... ಬೇಡ, ನನ್ನನ್ನೂ ನೋಡಬೇಡ. ಏನಾದ್ರೂ ಒಂದು ಮಾತು ಆಡೇ ತಾಯಿ.

...ಹೌದು. ಕೈ ಎತ್ತದವಳಿಗೆ ಕೈ ಕೆಳಗಿಡು ಅಂತ ಯಾರಾದ್ರೂ ಹೇಳ್ತಾರಾ.

ಎತ್ತಿದಳು. ಅವಳೂ ಎತ್ತಿದಳು, ನಾನು ನೋಡಿದೆ. ಒಂದು ನಳಿಕೆ ಒಳಗೆ ಮಡಚಿಕೊಂಡಿತ್ತು, ಇನ್ನೊಂದಕ್ಕೆ ಪ್ಲಾಸ್ಟರ್ ಇಳಿದಿತ್ತು. ಅದು ನಂಗೆ ಬಿಚ್ಚಿದ ಮೇಲೆ ಗೊತ್ತಾಗಿದ್ದು. ಕೈ ಎತ್ತಿದಾಗ ಮತ್ತೆ ನಾಟಕ ಅಂದ್ಕೊಂಡೆ. ಆ ಬಾಯಿ ನಾನು ಕೆತ್ತಿದ್ದಲ್ಲ. ಉಳಿ ತಾಗಿಸಿಲ್ಲ ಅದಕ್ಕೆ. ಒಳಗೆ ಹಸಿಯಿದ್ದಾಗ ಅವಳೇ ಬಾಯಿ ತೆರೆದಿದ್ದು, ಹಾಗೇ ಗಟ್ಟಿಯಾಯ್ತು. ನೀವೆಲ್ಲ ಚಪ್ಪಾಳೆ ತಟ್ತಿರೋದು ಅದಕ್ಕೆ.

ಎಷ್ಟು ಹೊತ್ತು ಎತ್ತಿದ್ದಳು ಅಂತನಾ ನೋಡ್ತಿದ್ದೀಯ? ತುಂಬಾ ಹೊತ್ತು. ಬೆರಳೆಲ್ಲ ಬಿಡಿಸಿಕೊಂಡು, ಮಣಿಕಟ್ಟು ನಡುಗ್ತಿತ್ತು. ನಾನು ಕೈ ಕೆಳಗಿಡು, ಕೆಳಗಿಡು ಅಂತ ಹೇಳ್ತಾನೇ ಇದ್ದೆ. ಕೊನೆಗೆ ಇಟ್ಟಳು. ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಅಂತೂ ನನ್ನ ಮಾತು ಕೇಳಿದಳು ಅಂದ್ಕೊಂಡೆ.