ಹೆಸರು ಹೇಳಬಾರದ ಪುಡಿ

ಚಿಮ್ಮಡದ ಬಸ್ ನಿಲ್ದಾಣದಲ್ಲಿ ಕೆನ್ನೆ ಹಿಡಿದುಕೊಂಡು ಕೂತಿದ್ದ ಶೈಲಾಳ ಕೈಗೆ ಓಣಿಯ ಮಾದೇವಕ್ಕ ಒಂದು ಪೊಟ್ಟಣ ಇಟ್ಟಳು. ನಾನು ಅದೇ ಕಟ್ಟೆಯ ಮೇಲಿದ್ದೆ.

"ಜಮಖಂಡಿಗಿ ಹೋಗಿ ಹಲ್ಲ ಕೀಳಸ್ಕೋಬ್ಯಾಡ. ಈ ಬೂದಿಗಿ ಉಪ್ಪ ಕಲಸೀನಿ. ತಿಕ್ಕು, ನೋವು ನಿಲ್ಲತೈತಿ."

"ಯಾವ ಗಿಡದ ಬೂದಿರಿ ಯಕ್ಕಾ?"

"ಹೆಸರ ಬಾಯಾಗ ಬಂದ್ರ ಔಷಧದ ಗುಣಾ ಹೋಕ್ಕೈತಿ. ನಮ್ಮತ್ತಿ ಸಾಯೂ ಮುಂದ ನನ್ನ ಕಿವ್ಯಾಗ ಹೇಳ್ಯಾಳ."

"ಡಾಕ್ಟರ ಕೇಳಿದ್ರ ಏನ ಹೇಳ್ಲಿರಿ?"

"ಮಾದೇವಕ್ಕ ಕೊಟ್ಟಾಳ ಅನ್ನು, ಸಾಕು."

ಶೈಲಾ ಬಗ್ಗಿ, ಮಾದೇವಕ್ಕನ ಸೀರೆಯ ಅಂಚಿಗೆ ಸಾಲಾಗಿ ಅಂಟಿದ್ದ ಮುಳ್ಳುಕಾಳುಗಳಲ್ಲಿ ಒಂದನ್ನು ಕಿತ್ತು ನೋಡಿದಳು.

"ಅಯ್ಯ, ಉತ್ತರಾಣಿ! ನಮ್ಮ ಕಬ್ಬಿನ ಬದುವಿನ್ಯಾಗ ಬೇಕಾದಷ್ಟ ಐತಲ್ಲರಿ!"

ಮಾದೇವಕ್ಕ ಪೊಟ್ಟಣ ಕಸಿದುಕೊಂಡಳು.

"ಆತು, ಕೆಡಿಸಿದಿ. ಇನ್ನ ಇದು ಭಾಂಡಿ ತಿಕ್ಕಾಕ ಅಷ್ಟ."

"ನನ್ನ ಹಲ್ಲಿನ ಗತಿ ಏನರಿ?"

ಬಸ್ ಬಂತು. ಶೈಲಾ ಹತ್ತಿ ಕೂತಳು. ಮಾದೇವಕ್ಕ ಕಿಟಕಿಯ ಹತ್ತಿರ ಹೋದಳು.

"ಅದೊಂದ ಹಲ್ಲ ಕೀಳಸ್ಕೊಂಡ ಬಾ. ಉಳದವಕ್ಕ ಮತ್ತ ಪುಡಿ ಮಾಡಿ ಕೊಡತೇನಿ. ಈ ಸಲ ಸೀರಿ ಝಾಡಿಸ್ಕೊಂಡ ಬರತೇನಿ."